ಮಲಗಿಸಿಯೇ ಇಡಬೇಕಾದ ಡಬ್ಬಿ

ನಮ್ಮ ಫ್ಲ್ಯಾಟಿನ ಅಟ್ಟ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನಮ್ಮದು. ಉಳಿದ ಎಂಟು ತಿಂಗಳು ಅದು ಕೂಲರಿನ ಮನೆ. ನಾಗಪುರದ ಬೇಸಿಗೆ ಶುರುವಾಯಿತೆಂದರೆ ಕೂಲರು ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ನನ್ನ ತಂಗಿಯ ಬೋರ್ಡ್ ಗೇಮುಗಳ ಡಬ್ಬಿಗಳು ಹತ್ತುತ್ತವೆ. ಮೊದಲ ಮಳೆ ಬಿದ್ದ ವಾರ ಕೂಲರು ಮೇಲೆ, ಡಬ್ಬಿಗಳು ಕೆಳಗೆ. ಕೆಳಗೆ ಎಂದರೆ ಎಲ್ಲಿಗೆ? ಡ್ರಾಯಿಂಗ್ ರೂಮಿನಲ್ಲಿರುವುದು ಮೂರು ಹಲಗೆಯ ಒಂದೇ ಶೆಲ್ಫು. ಅದರಲ್ಲೂ ಒಂದು ಹಲಗೆಯಲ್ಲಿ ನಮ್ಮ ಮದುವೆಯಾದಾಗಿನಿಂದ ಬಂದ ಕರೆಂಟ್ ಬಿಲ್ಲುಗಳೆಲ್ಲ ಬೈಂಡಾಗಿ ಕೂತಿವೆ.

ತಂಗಿ ಇಲ್ಲಿಯ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನಮ್ಮ ಇನ್ನೊಂದು ಬೆಡ್‌ರೂಮಿನಲ್ಲೇ ಇದ್ದಳು. ನಾವಿಬ್ಬರೂ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವರು. ಮಳೆಗಾಲದ ಭಾನುವಾರ ಸಿಸ್ಟರು ಕೊಡುತ್ತಿದ್ದ ಒಂದೇ ಒಂದು ಹಾವು-ಏಣಿ ಬೋರ್ಡಿಗೆ ನಲವತ್ತು ಹುಡುಗಿಯರು ಕ್ಯೂ ನಿಲ್ಲುತ್ತಿದ್ದೆವು. ನಮ್ಮ ಸರದಿ ಬರುವಷ್ಟರಲ್ಲಿ ಪ್ರೇಯರ್ ಬೆಲ್ ಹೊಡೆಯುತ್ತಿತ್ತು. ಆ ಹಸಿವನ್ನು ತಂಗಿ ಅರವತ್ತು ದಾಟಿದ ಮೇಲೆ ಆನ್‌ಲೈನಿನಲ್ಲಿ ತೀರಿಸಿಕೊಂಡಳು. ಒಂಬತ್ತು ಡಬ್ಬಿ, ಒಂದಕ್ಕಿಂತ ಒಂದು ಸೂಟ್‌ಕೇಸಿನಂಥವು. ಊಟವಾದ ಮೇಲೆ ಅವಳು ನೀಲಿ, ನಾನು ಹಳದಿ, ಚಹಾದ ಹೊತ್ತಿನ ತನಕ ಫುಲ್ ವಾರ್. ಆಮೇಲೆ ಮಗಳ ಬಾಣಂತನಕ್ಕೆಂದು ಬೆಳಗಾವಿಗೆ ಹೋದಳು. "ಜಸ್ಟ್ ತ್ರೀ ಮಂತ್ಸ್" ಅಂದಳು. ಆ ಕೂಸು ಈಗ ಸೋಫಾದ ಮೇಲಿಂದ ಜಿಗಿಯುತ್ತದೆ.

ಈ ಸಲದ ಮಳೆಗೆ ನಮ್ಮವರು ಡಬ್ಬಿಗಳ ಪ್ರಶ್ನೆಯನ್ನು ಒಂದೇ ಬಾರಿಗೆ ಬಗೆಹರಿಸಲು ಎದ್ದು ನಿಂತರು. ಅವರು ಸೆಂಟ್ರಲ್ ಗವರ್ನಮೆಂಟಿನ ರೆಕಾರ್ಡ್ ರೂಮಿನಲ್ಲಿ ಇಡೀ ಸರ್ವಿಸ್ ಮುಗಿಸಿದವರು. ಹಳೆಯ ಫೈಲುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಸುಡಬೇಕು ಎಂದು ತೀರ್ಮಾನಿಸುವುದಕ್ಕೆ ಅಲ್ಲಿ ವೀಡಿಂಗ್ ಅನ್ನುತ್ತಾರೆ. ಅವರು ಟೇಪು ಹಿಡಿದು ಒಂದೊಂದು ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಒಂದು ಹೊಸ ಫೈಲಿನಲ್ಲಿ ಬರೆದುಕೊಂಡರು. ಕೊನೆಯ ಕಾಲಮ್ಮು "ಒಳಗಿನ ಗಾಳಿ."

"ಇದು ನೋಡಿಲ್ಲೆ," ಅಂದರು, ಒಂದು ಡಬ್ಬಿ ತೆರೆದು. "ಎರಡು ಕಟ್ಟು ಇಸ್ಪೀಟು, ಒಂದು ಮುಷ್ಟಿ ಕಟಗಿ ತುಂಡು. ಬಾಕಿ ಬರೇ ಪ್ಲಾಸ್ಟಿಕ್ ತಾಟು, ಅದರಾಗ ಗಾಳಿ. ನಾವು ನಾಗಪುರದಾಗ ಗಾಳಿ ಸಾಕೇವಿ!"

ಪ್ರಯೋಗಕ್ಕೆಂದು ಆ ಕಟ್ಟಿಗೆ ತುಂಡುಗಳನ್ನು ಹಿಂಗಿನ ಡಬ್ಬಿಗೆ ಸುರಿದೆ, ಕಾರ್ಡುಗಳನ್ನು ಹಳೆಯ ಟಿಫಿನ್ ಬಾಕ್ಸಿಗೆ ಹಾಕಿದೆ. ಖಾಲಿ ಡಬ್ಬಿಯನ್ನು ರದ್ದಿಯವನಿಗೆ ಕೊಡೋಣ ಅಂದರೆ ಅವರೇ ಅಡ್ಡ ಬಂದರು. "ಕವರ್ ಇಲ್ಲದ ಫೈಲು ಫೈಲೇ ಅಲ್ಲ!" ಹೀಗಾಗಿ ಆಟ ಅಡುಗೆಮನೆಯಲ್ಲಿ, ಗಾಳಿ ಶೆಲ್ಫಿನಲ್ಲಿ, ಒಂದಿದ್ದದ್ದು ಮೂರು ಕಡೆಯಾಯಿತು. ಜೊತೆಗೆ ಆ ತುಂಡುಗಳು ಇವತ್ತಿಗೂ ಸಾರಿನ ವಾಸನೆ ಹೊಡೆಯುತ್ತವೆ.

ಕೊನೆಗೆ ಡಬ್ಬಿಗಳನ್ನು ಫೈಲಿನ ಹಾಗೆ ನಿಲ್ಲಿಸಿ ಇಡುವುದೆಂದು ಆರ್ಡರಾಯಿತು. ಎರಡು ಹಲಗೆಯಲ್ಲಿ ಎಂಟು ಡಬ್ಬಿ ಎದೆಗೆ ಎದೆ ಒತ್ತಿ ನಿಂತವು. ಉಳಿದದ್ದು ಒಂಬತ್ತನೆಯದು, ಎಲ್ಲಕ್ಕಿಂತ ದೊಡ್ಡದು.

ಅದು ರೈಲು ಹಳಿ ಹಾಕುವ ಆಟ. ಎತ್ತಿದ ಕಾರ್ಡಿನ ಬಣ್ಣಕ್ಕೆ ತಕ್ಕಂತೆ ಪುಟ್ಟ ಬೋಗಿಗಳನ್ನು ನಿಲ್ಲಿಸುತ್ತ ಊರಿನಿಂದ ಊರಿಗೆ ದಾರಿ ಜೋಡಿಸಬೇಕು. ತಂಗಿ ಹೊರಟ ದಿನ ಆಟ ಅರ್ಧಕ್ಕೆ ನಿಂತಿತ್ತು, ಕೆಳಗೆ ಆಟೋದವನು ಹಾರ್ನ್ ಬಾರಿಸುತ್ತಿದ್ದ. ಆಗ ಅವಳು ಪ್ಲಾಸ್ಟಿಕ್ ತಾಟನ್ನು ಕಿತ್ತೆಸೆದು, ಬಿಚ್ಚಿದ ಬೋರ್ಡನ್ನು ಬೋಗಿಗಳ ಸಮೇತ ಡಬ್ಬಿಯೊಳಗೆ ಇಳಿಸಿದಳು. ಅಳತೆ ಮೀರಿದ ಆ ಡಬ್ಬಿ ಜನ್ಮದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. "ಮುಟ್ಟಬ್ಯಾಡ ಅಕ್ಕಾ. ನಾ ಗೆಲ್ಲಾಕತ್ತೀನಿ. ಬಂದು ಮುಗಸ್ತೀನಿ," ಅಂದು ಮುಚ್ಚಳ ಹಾಕಿದಳು. ಅಂದಿನಿಂದ ಅದನ್ನು ಮಲಗಿಸಿಯೇ ಇಟ್ಟಿದ್ದೇನೆ. ಅಟ್ಟ ಹತ್ತಿಸುವಾಗ ಇಳಿಸುವಾಗ ತುಂಬಿದ ಹಾಲಿನ ಪಾತ್ರೆಯಂತೆ ಹಿಡಿದಿದ್ದೇನೆ. ಅವಳು ಮರಳಿ ಬರುತ್ತಾಳೆ ಎನ್ನಲು ನನ್ನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ. ಫೋನಿನಲ್ಲಿ "ಯಾವಾಗ?" ಅಂದರೆ ಮಾತು ಕೂಸಿನ ಹಲ್ಲಿನ ಕಡೆ ಹೊರಳುತ್ತಿತ್ತು.

"ಇದನ್ನೂ ನಿಲ್ಲಿಸು," ಅಂದರು ನಮ್ಮವರು.

"ಅದು ನಿಲ್ಲೂದಿಲ್ರೀ. ನಿಲ್ಲಿಸಿದ್ರ ಬೋಗಿ ಎಲ್ಲಾ ಬೀಳ್ತಾವ."

"ಒಂದು ಡಬ್ಬಿಗೆ ಪೂರಾ ಒಂದು ಹಲಗಿ ಬೇಕಾ? ಐಸಿಯುದಾಗ ಐತೇನದು?"

"ಐತಿ ಅಂತನ ತಿಳ್ಕೋರಿ. ನಿಮ್ಮ ಕರೆಂಟ್ ಬಿಲ್ಲು ತಗೀರಿ ಮತ್ತ."

"ಅವು ಪರ್ಮನೆಂಟ್ ರೆಕಾರ್ಡು."

"ಇದು ಪೆಂಡಿಂಗ್ ಕೇಸು," ಅಂದೆ. "ಪೆಂಡಿಂಗ್ ಇರೋ ಫೈಲು ಸುಡಾಕ ಬರೂದಿಲ್ಲ ಅಂತ ನೀವ ಹೇಳ್ತಿದ್ರಿ."

ಅವರು ಟೇಪು ಸುತ್ತಿ ಜೇಬಿಗೆ ಹಾಕಿದರು. ನಲವತ್ತು ವರ್ಷ ಅವರ ಆಫೀಸಿನ ಕಥೆಗಳನ್ನು ಊಟದ ಜೊತೆ ನುಂಗಿದ್ದು ಅಂದು ಕೆಲಸಕ್ಕೆ ಬಂತು. ಅಷ್ಟರಲ್ಲಿ ಕೂಲರು ಎತ್ತಲು ಬಂದವನು ಬಾಗಿಲಲ್ಲಿ ಗೊಣಗಿದ: "ಕಾಕೂ, ಚಢಾನಾ ಹೈ ಕಿ ನಹೀ? ಮೇರೇ ಕೋ ಔರ್ ದಸ್ ಘರ್ ಹೈ." ಇನ್ನೂ ಹತ್ತು ಮನೆ ಬಾಕಿ ಇದ್ದವನು ಕಾಯಲಿಲ್ಲ, ಕೂಲರನ್ನು ನಡುಮನೆಯಲ್ಲೇ ಬಿಟ್ಟು ಹೋದ. ಡಬ್ಬಿ ಹಿಡಿದು ನನ್ನ ಕೈ ಸೋತಿತ್ತು. ಕೂಲರಿನ ಮೇಲೆ ಇಟ್ಟೆ. ಟೇಪು ಹಿಡಿದು ಮಾಡಿಸಿದಂತೆ ಕೂತಿತು.

ಮರುದಿನ ನಮ್ಮವರು ಎರಡು ಸ್ಟೂಲು ತಂದು ಕೂಲರಿನ ಆಚೆ ಈಚೆ ಇಟ್ಟರು. "ಕೇಸು ಪೆಂಡಿಂಗ್ ಇದ್ರ ಡಿಸ್ಪೋಸ್ ಮಾಡೂಣ. ನಿನ್ನ ತಂಗಿ ಜಾಗಾದಾಗ ನಾ ಆಫಿಶಿಯೇಟಿಂಗ್."

ತಂಗಿಗೆ ಗೆಲ್ಲಲು ಒಂದೇ ಒಂದು ಹಸಿರು ಕಾರ್ಡು ಬೇಕಿತ್ತು. ಎಂಥವನೂ ಮುಗಿಸಬಹುದಾದ ಆಟ. ಮುಗಿದರೆ ಬೋಗಿಗಳು ಚೀಲಕ್ಕೆ, ಡಬ್ಬಿ ಶೆಲ್ಫಿಗೆ, ಅವಳ ಹೆಸರಿನಲ್ಲಿ ಈ ಮನೆಯಲ್ಲಿ ಬಾಕಿ ಏನೂ ಇಲ್ಲ. ಬೇಡ ಅನ್ನುವುದಕ್ಕೂ ನನಗೆ ಕಾರಣ ಸಿಗಲಿಲ್ಲ. ರೂಲು ತೋರಿಸಿದವಳು ನಾನೇ. ಮುಚ್ಚಳ ತೆಗೆದೆವು. ಒಂದು ಬೋಗಿಯೂ ಬಿದ್ದಿರಲಿಲ್ಲ. ನಾನು ಹಳದಿ ಬೋಗಿಗಳನ್ನು ಎಲ್ಲಿಗೂ ಹೋಗದ ದಾರಿಯಲ್ಲಿ ಇಡುತ್ತ ಹೋದೆ. ಅವರು ಪ್ರತಿ ಸರದಿಗೂ ರೂಲ್ ಬುಕ್ ಓದಿ, ಒಂದು ಕಾರ್ಡು ಎತ್ತಿ, ಕನ್ನಡಕ ಏರಿಸಿ ನೋಡಿ, ತಲೆ ಆಡಿಸುತ್ತಿದ್ದರು. ನಾಲ್ಕನೇ ಸರದಿಗೆ ಕಾರ್ಡು ಎತ್ತಿದವರು ಅದನ್ನು ತಮ್ಮ ವೀಡಿಂಗ್ ಫೈಲಿನೊಳಗೆ ಸೇರಿಸಿ ಎದ್ದರು.

"ಯಾಕ್ರೀ?"

"ಊಟದ ಟೈಮು."

ಇನ್ನೂ ಹನ್ನೊಂದು ಹೊಡೆದಿರಲಿಲ್ಲ. ಅವರು ಕೈಕಾಲು ತೊಳೆಯಲು ಹೋದಾಗ ಫೈಲು ತೆರೆದೆ. ಹಸಿರು ಕಾರ್ಡು, ಟ್ಯಾಗಿನಲ್ಲಿ ಸಿಕ್ಕಿಸಿದ್ದು. ಪಕ್ಕದಲ್ಲಿ ಅವರ ದುಂಡು ಅಕ್ಷರ: "ಹದಿನೈದು ದಿನದ ನಂತರ ಮಂಡಿಸುವುದು." ನಾನೇನೂ ನೋಡಿಲ್ಲವೆಂಬಂತೆ ಕುಕ್ಕರ್ ಇಟ್ಟೆ.

ಭಾನುವಾರ ತಂಗಿಯ ಫೋನು ಬಂದಾಗ ನನ್ನ ಕೈಯಿಂದ ಅವರೇ ಕಸಿದುಕೊಂಡರು. "ನಿಮ್ಮ ಆಟ ಕೂಲರ್ ಮ್ಯಾಲೆ ಇಟ್ಟು ನಾನ ಆಡಾಕತ್ತೀನಿ," ಅಂದರು.

ಬೆಳಗಾವಿಯ ಕೂಗು ಸ್ಪೀಕರ್ ಇಲ್ಲದೆಯೇ ಕೇಳಿಸಿತು. "ಏನಂದ್ರಿ? ನನ್ನ ನೀಲಿ ಮುಟ್ಟಿದ್ರೇನು? ಎಷ್ಟು ಕಾರ್ಡ್ ಎತ್ತೀರಿ?"

"ನಾಕು. ಹಸಿರು ಬರವಲ್ದು. ನಾಳೆ ನಿಮ್ಮ ಬೋಗಿ ತೆಗೆದು ಬ್ಯಾರೆ ದಾರೀಲೆ ಹಾಕಾವ ಇದ್ದೀನಿ."

"ಭಾವಾ, ಹ್ಯಾಂಡ್ಸ್ ಆಫ್! ಆ ಕೂಲರ್ ಮ್ಯಾಲಿಂದ ಕೈ ತಗೀರಿ ಮೊದಲ! ಅಕ್ಕಗ ಕೊಡ್ರಿ ಫೋನ್." ನನ್ನ ಕಿವಿಗೆ ಬಂದದ್ದು ಅಷ್ಟೇ ಸಿಟ್ಟು: "ಅವರನ್ನ ಕೂಡಸೀ ಯಾಕ? ಅವರಿಗೆ ಲೂಡೋ ಬರೂದಿಲ್ಲ! ಲೋವರ್ ಬರ್ತ್ ಸಿಕ್ಕ ದಿನ ಹೊಂಟೆ ನಾ."

ಈಗ ನಡುಮನೆಯಲ್ಲಿ ನಾವು ಅಡ್ಡಡ್ಡ ನಡೆಯುತ್ತೇವೆ. ಮಧ್ಯದಲ್ಲಿ ಕೂಲರು, ಅದರ ಮೇಲೆ ನನ್ನ ಕ್ರೋಶಾ ಟೇಬಲ್‌ಕ್ಲಾತು, ಅದರ ಮೇಲೆ ಡಬ್ಬಿ. ಅಟ್ಟದಲ್ಲಿ ಒಂದು ಕಡ್ಡಿಯೂ ಇಲ್ಲ. ಅದೂ ನಮ್ಮವರ ಫೈಲಿನಲ್ಲಿ ದಾಖಲಾಗಿದೆ: "ಅಟ್ಟ: ಖಾಲಿ. ಗಾಳಿ: ಪೂರ್ಣ." ಅದರ ಕೆಳಗೆ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಅವರು ಮೊಬೈಲ್ ನೋಡಿ ತಿದ್ದುವ ಒಂದು ಸಾಲಿದೆ. ನಿನ್ನೆ ಅದು ವೇಟಿಂಗ್ ಲಿಸ್ಟ್ ಹದಿನೇಳು. ಇವತ್ತು ಹದಿನಾಲ್ಕು.