ಓದುಮನೆಯ ಬಾಗಿಲಿಗೆ ವೆಲಿಕಾ ಚುಚ್ಚಿದ ಹಾಳೆ

ನಮ್ಮೂರಿನ ವೆಲಿಕಾ ಒಂದು ಪುಸ್ತಕ ಓದಿ ಮುಗಿಸಿದಳೆಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಗೆ ಕೆಲಸಕ್ಕೆ ಹೋಗುವಾಗ, ಊರಿಗೆ ಪುಸ್ತಕ ಕೊಡುವ ಓದುಮನೆಯ ಬಾಗಿಲಿಗೆ ಒಂದು ಹಾಳೆ ಚುಚ್ಚಿ ಹೋಗುತ್ತಿದ್ದಳು. ಕತೆಯಲ್ಲಿ ಏನಾಯಿತು, ಯಾರದು ತಪ್ಪು, ಪುಸ್ತಕ ಓದಬಹುದೋ ಬೇಡವೋ, ಎಲ್ಲ ಅದರಲ್ಲಿ ಇರುತ್ತಿತ್ತು. ಪುಸ್ತಕದ ಹೆಸರು ಮಾತ್ರ ಕಟ್ಟಕಡೆಗೆ. ಯಾಕೆ ಹಾಗೆ ಎಂದು ಕೇಳಿದರೆ, “ಚೀಸು ಬಾಯಿಗಿಡೋಕ್ ಮೊದ್ಲು ಕುರಿ ಹೆಸರು ಕೇಳ್ತೀಯೇನೇ?” ಎನ್ನುತ್ತಿದ್ದಳು.

ಬರೆಯುವುದು ನಾಲ್ಕೈದು ಸಾಲು, ಅಕ್ಷರ ದಪ್ಪ. “ಅಣ್ಣ ತಮ್ಮ ಹೊಲಕ್ಕಾಗಿ ಹೊಡೆದಾಡುತ್ತಾರೆ. ತಪ್ಪು ಅಣ್ಣನದು. ಬರೆದವನಿಗೆ ಅದು ತಿಳಿದಿಲ್ಲ.” ಇನ್ನೊಂದರ ಬಗ್ಗೆ, “ನಡುವೆ ಬಹಳ ಪುಟ ಬರೀ ಮಂಜು, ಮೋಡ. ಬಿಟ್ಟು ಓದಿ, ನಷ್ಟವಿಲ್ಲ.” ಹೊಸ ಹಾಳೆ ಹಾಕಿದಾಗ ಹಳೆಯದನ್ನು ಬಿಡಿಸಿ ಮನೆಗೆ ಒಯ್ದು, ಒಲೆಯ ಪಕ್ಕದಲ್ಲಿ ತೂಗಿದ್ದ ತಂತಿಗೆ ಚುಚ್ಚುತ್ತಿದ್ದಳು. ತನ್ನ ಓದಿಗೆ ಅವಳು ಇಟ್ಟ ಲೆಕ್ಕ ಅದೊಂದೇ.

ನಾನು ಅವಳ ಜೊತೆ ಡೈರಿಯಲ್ಲಿದ್ದೆ. ಒಡೆದ ಹಾಲನ್ನು ಬಟ್ಟೆಗೆ ಕಟ್ಟಿ ಹಿಂಡುವ ಕೆಲಸ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಅದೇ ಓದುಮನೆಯ ಸಂಜೆ ಪಾಠದಲ್ಲಿ. ಇಡೀ ಪುಸ್ತಕ ಓದುವಷ್ಟು ನನಗೆ ಬರುತ್ತಿರಲಿಲ್ಲ, ವೆಲಿಕಾಳ ಹಾಳೆ ಬರುತ್ತಿತ್ತು. ನನ್ನಂಥ ಹೆಂಗಸರು ಊರಲ್ಲಿ ಬೇಕಾದಷ್ಟಿದ್ದರು. ಪಕ್ಕದಂಗಡಿಗೆ ಬ್ರೆಡ್ಡಿಗೆ ಹೋದವರು ಬಾಗಿಲ ಮುಂದೆ ನಿಂತು ಓದಿ, ಅಲ್ಲೇ ಜಗಳ ತೆಗೆಯುತ್ತಿದ್ದರು. “ಅವಳು ಸಾಯ್ತಾಳೆ ಅಂತ ಯಾಕೆ ಬರ್ದೆ? ನಾನಿನ್ನೂ ಅರ್ಧದಲ್ಲಿದ್ದೆ!” ಎಂದು ಒಬ್ಬಳು ಡೈರಿಯವರೆಗೂ ಬಂದು ಬೈದಿದ್ದಳು. “ಅರ್ಧದಲ್ಲೇ ಮೂರು ತಿಂಗ್ಳಿಂದ ಇದೀಯಲ್ಲ, ಅವಳು ವಯಸ್ಸಾಗಿ ಸತ್ಲು ಬಿಡು,” ಎಂದಳು ವೆಲಿಕಾ.

ಅದೇ ಬಾಗಿಲಿಗೆ ಸಾವಿನ ಹಾಳೆಗಳನ್ನೂ ಅಂಟಿಸುತ್ತಿದ್ದರು. ಸತ್ತವರ ಹೆಸರು, ಫೋಟೊ, ಸುತ್ತ ಕಪ್ಪು ಅಂಚು, ಬಿಟ್ಟುಹೋದ ಹೆಂಡತಿ ಮಕ್ಕಳ ಹೆಸರು. ಸತ್ತ ದಿನ ಒಂದು, ನಲವತ್ತನೇ ದಿನಕ್ಕೆ ಒಂದು, ಆರು ತಿಂಗಳಿಗೆ, ವರ್ಷಕ್ಕೆ. ಅಂಟಿಸಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮಳೆ ಗಾಳಿಯೇ ಕೀಳಬೇಕು. ಕೈಯಾರೆ ಕಿತ್ತವರ ಮನೆಗೇ ಮುಂದಿನ ಹಾಳೆ ಬರುತ್ತದೆ ಎಂಬ ಭಯ ನಮ್ಮೆಲ್ಲರಿಗೂ ಇತ್ತು, ಈಗಲೂ ಇದೆ.

ಆ ಚಳಿಗಾಲ ಊರಲ್ಲಿ ಕಾಗದಕ್ಕೆ ಬರ. ಓದುಮನೆ ನೋಡಿಕೊಳ್ಳುತ್ತಿದ್ದ ಪ್ರೋಡಾನ್ ಮೇಷ್ಟ್ರು ಪಟ್ಟಣದ ಅಚ್ಚುಮನೆಯಿಂದ ಕೆಟ್ಟ ಹಾಳೆಗಳ ಒಂದು ಕಟ್ಟು ತಂದು ವೆಲಿಕಾಳಿಗೆ ಕೊಟ್ಟರು. ಸಾವಿನ ಹಾಳೆಗೆಂದು ಅಂಚು ಹೊಡೆದು, ಓರೆಯಾಯಿತೆಂದು ಬಿಸಾಕಿದ್ದವು. ಹಿಂಬದಿ ಬಿಳಿ. “ಹಿಂದ್ಗಡೆ ಬರಿ, ಏನೂ ಕಾಣಲ್ಲ,” ಎಂದರು. ಕಾಣುತ್ತಲೂ ಇರಲಿಲ್ಲ, ಒಣಗಿರುವಾಗ.

ಅವಳು ಆಗ ಓದಿ ಮುಗಿಸಿದ್ದು ‘ಉತ್ತರದ ಗರಗಸ’ ಎಂಬ ಕತೆ. ಅಲ್ಲಿ ಮರ ಕಡಿಯುವವನೊಬ್ಬ ಸಾಯುತ್ತಾನೆ. ಅವಳು ಹೀಗೆ ಬರೆದು ಬಾಗಿಲಿಗೆ ಚುಚ್ಚಿದಳು:

“ಹಿಮದಲ್ಲಿ ಮರ ಬಿದ್ದು ಸತ್ತ. ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟುಹೋದ. ಒಳ್ಳೆಯವನು, ಸ್ವಲ್ಪ ಮುಂಗೋಪಿ. ಮನೆಯವರಿಗೆ ತಿಳಿಸಲು ಯಾರಿಗೂ ಬಾಯಿ ಬರಲಿಲ್ಲ. ನನಗೂ ಅಳು ಬಂತು.”

ಕೆಳಗೆ ಪುಸ್ತಕದ ಹೆಸರು.

ಅಂದು ಸಂಜೆ, ಗಾಡಿ ರಿಪೇರಿಯ ಮುದುಕ ಡೊಯ್ಚಿನ್ ತೀರಿಕೊಂಡು ಆರು ತಿಂಗಳಾಯಿತೆಂದು ಅವನ ಮನೆಯವರು ಬಂದು ಅವನ ಹಾಳೆ ಅಂಟಿಸಿದರು. ಬಾಗಿಲಲ್ಲಿ ಜಾಗವಿರಲಿಲ್ಲ. ಅದರ ಮೇಲಂಚು ವೆಲಿಕಾಳ ಹಾಳೆಯ ಬುಡದ ಮೇಲೆ ಕುಳಿತಿತು. ಪುಸ್ತಕದ ಹೆಸರು ಮುಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಹಿಮ ಬೆರೆತ ಮಳೆ ಹೊಡೆದು, ತೆಳ್ಳನೆಯ ಕಾಗದ ತೊಯ್ದು, ಹಿಂಬದಿಯ ಕಪ್ಪು ಅಂಚು ಮುಂದಕ್ಕೆ ಎದ್ದು ಕಂಡಿತು. ಶಾಯಿ ಹರಡಿ, ಬರೆದ ಕೈ ಯಾರದೆಂದು ಗುರುತು ಸಿಗದಂತಾಯಿತು.

ಎವ್ಡೋಕಿಯಾ ಬ್ರೆಡ್ಡಿಗೆ ಬಂದವಳು ಅದನ್ನು ನೋಡಿದಳು. ಅವಳ ಗಂಡ ಸ್ಟಾಮೆನ್ ರಷ್ಯಾದ ಉತ್ತರದ ಕಾಡಿಗೆ ಮರ ಕಡಿಯಲು ಹೋಗಿದ್ದ. ನಮ್ಮೂರಿಂದ ಆ ವರ್ಷ ಹೋದವನು ಅವನೊಬ್ಬನೇ. ಮನೆಯಲ್ಲಿ ಪುಟ್ಟ ಮಗಳು. ಅವನ ಕೋಪ ಊರಿಗೇ ಗೊತ್ತು. ಅವನಿಂದ ಕಾಗದ ಬಾರದೆ ಬಹಳ ದಿನವಾಗಿತ್ತು.

ಸತ್ತವನ ಹೆಸರು ಡೊಯ್ಚಿನ್‌ನ ಹಾಳೆಯ ಕೆಳಗಿದೆ ಎಂದು ಅವಳಿಗೆ ಅನ್ನಿಸಿತು. ಎತ್ತಿ ನೋಡಲು ಕೈ ಬರಲಿಲ್ಲ. ಹಿಂದೆ ಬಂದ ಹೆಂಗಸರಿಗೂ ಬರಲಿಲ್ಲ. ಯಾರಿಗೂ ತಿಳಿಸಲು ಬಾಯಿ ಬರಲಿಲ್ಲ ಎಂದು ಬರೆದಿತ್ತಲ್ಲ, ಆ ಹೆಂಗಸರು ಸುಮ್ಮನೆ ನಿಂತದ್ದನ್ನು ಕಂಡು, ಇವರಿಗೆಲ್ಲ ಮೊದಲೇ ಗೊತ್ತಿತ್ತು ಎಂದು ಎವ್ಡೋಕಿಯಾ ತಿಳಿದಳು.

ನಮಗೆ ಸುದ್ದಿ ತಂದವನು ಹಾಲಿನ ಗಾಡಿಯ ಇಲ್ಚೊ. ಕ್ಯಾನು ಇಳಿಸುತ್ತಲೇ ಟೊಪ್ಪಿ ತೆಗೆದ.

“ನಿಮಗಿನ್ನೂ ಗೊತ್ತಿಲ್ವಾ? ಸ್ಟಾಮೆನ್ ಹೋಗ್ಬಿಟ್ಟ. ಮರ ಬಿತ್ತಂತೆ.”

ವೆಲಿಕಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನಾನು ಅಳುವುದಕ್ಕೇ ಶುರುಮಾಡಿದ್ದೆ. ಸ್ಟಾಮೆನ್ ನನ್ನ ಗಂಡನ ಜೊತೆ ಸೈನ್ಯದಲ್ಲಿದ್ದವನು.

“ಯಾರು ಹೇಳಿದ್ರು?” ಎಂದಳು ವೆಲಿಕಾ. “ತಂತಿ ಬಂತಾ?”

“ಯಾರೂ ಹೇಳ್ಲಿಲ್ಲಕ್ಕ. ಓದುಮನೆ ಬಾಗ್ಲಿಗೆ ಅಂಟಿಸ್ಬಿಟ್ಟವ್ರೆ. ಮುಂಗೋಪಿ ಅಂತಾನೂ ಹಾಕವ್ರೆ, ಸತ್ತೋನ ಮೇಲೆ. ಯಾವನ್ ಬರ್ದ್ನೋ, ಮನುಷ್ಯತ್ವ ಬೇಡ್ವಾ?”

ವೆಲಿಕಾಳ ಕೈ ಬಟ್ಟೆಯ ಗಂಟಿನ ಮೇಲೆ ಹಾಗೇ ನಿಂತಿತು. ಹಾಲಿನ ನೀರು ಮೊಣಕೈವರೆಗೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಇಲ್ಚೊ, ಕೊನೆಗೆ ‘ನನಗೂ ಅಳು ಬಂತು’ ಅಂತಿದ್ಯಾ?”

“ಇದೆ. ನಿನಗೆ ಹ್ಯಾಗ್ ಗೊತ್ತು?”

ಅವಳು ಏಪ್ರನ್ ಬಿಚ್ಚಲೂ ನಿಲ್ಲಲಿಲ್ಲ. ನಾನೂ ಹಿಂದೆಯೇ ಓಡಿದೆ. ಇಳಿಜಾರಿನಲ್ಲಿ ಎರಡು ಸಲ ಬಿದ್ದಳು, ಎದ್ದು ಮತ್ತೆ ಓಡಿದಳು.

ಬಾಗಿಲ ಮುಂದೆ ಜನ ಸೇರಿತ್ತು. ಪ್ರೋಡಾನ್ ಮೇಷ್ಟ್ರು ಪಟ್ಟಣಕ್ಕೆ ಹೋಗಿದ್ದರಿಂದ ಓದುಮನೆಗೆ ಬೀಗ. ಎವ್ಡೋಕಿಯಾ ಮೆಟ್ಟಿಲ ಮೇಲೆ ಕುಳಿತಿದ್ದಳು, ಬ್ರೆಡ್ಡು ಎದೆಗೆ ಒತ್ತಿಕೊಂಡು. ಅವಳ ಅತ್ತೆ ಬೋನಾ ಅಜ್ಜಿ ಮಗನ ಹೆಸರು ಕೂಗಿ ಕೂಗಿ ಅಳುತ್ತಿದ್ದಳು.

“ಅದು ಪುಸ್ತಕ!” ಎಂದಳು ವೆಲಿಕಾ ಏದುಸಿರಿನಲ್ಲಿ. “ಎವ್ಡೋಕಿಯಾ, ಕೇಳಿಲ್ಲಿ. ಅದು ಪುಸ್ತಕದ್ದು. ನಾನು ಬರ್ದಿದ್ದು. ಹೆಸರು ಅಡಿಯಲ್ಲಿದೆ.”

ವೆಲಿಕಾ ಡೊಯ್ಚಿನ್‌ನ ಹಾಳೆಯ ಅಂಚಿಗೆ ಉಗುರು ಹಾಕಿದಳು.

“ಮುಟ್ಬೇಡ್ವೇ!” ಎಂದು ಬೋನಾ ಅಜ್ಜಿ ಕಿರುಚಿದಳು. “ಸತ್ತೋರ ಹಾಳೆ ಕೀಳ್ತೀಯಾ? ಯಾರ ಮನೆಗೆ ತರ್ತೀಯೇ ಸಾವನ್ನ?”

“ನನ್ ಮನೇಲಿ ನಾನೊಬ್ಳೇ ಇರೋದಜ್ಜಿ. ಬರೋದಾದ್ರೆ ನನಗೇ ಬರ್ಲಿ,” ಎಂದು ವೆಲಿಕಾ ಎಳೆದಳು. ಡೊಯ್ಚಿನ್‌ನ ಫೋಟೊ ಅರ್ಧಕ್ಕೆ ಹರಿದು ಬಂತು. ಕೆಳಗೆ ‘ಉತ್ತರದ ಗರಗಸ’ ಎಂಬ ಅಕ್ಷರ ಶಾಯಿ ಇಳಿದು ನೀಲಿಯಾಗಿ ಕಾಣಿಸಿತು. ನಾನು ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಗುಂಪಿನಲ್ಲಿ ಯಾರೋ ನಕ್ಕರು, ಯಾರೋ ಥೂ ಎಂದರು.

ಎವ್ಡೋಕಿಯಾ ಎದ್ದು ಬಂದು ಓದಿದಳು. ಮೇಲಿನಿಂದ ಇನ್ನೊಮ್ಮೆ ಓದಿದಳು. ಅವಳ ಮುಖ ತಿಳಿಯಾಗಲಿಲ್ಲ.

“ನಮ್ಮನೆಯವ್ರಿಗೆ ಸರಿಯಾಗಿ ಹೊಂದೋ ಹಾಗೆ ಬರ್ದಿದೀಯ,” ಎಂದಳು. “ಹೆಂಡ್ತಿ, ಮಗಳು, ಕೋಪ. ಒಂದೂ ಬಿಟ್ಟಿಲ್ಲ. ಕಪ್ಪಂಚಿನ ಹಾಳೇಲಿ ಬರ್ದಿದೀಯ.”

“ಕಾಗದ ಇರ್ಲಿಲ್ಲ ಕಣೇ...”

“ಬರ್ದಾಯ್ತಲ್ಲ. ಇನ್ನು ಅವರ ದನಿ ಕೇಳೋವರ್ಗೂ ನಂಗೆ ಯಾರೂ ಏನೂ ಹೇಳ್ಬೇಡಿ.”

ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿದಳು. ಅಲ್ಲಿ ಟೆಲಿಫೋನು ನೋಡಿಕೊಳ್ಳುತ್ತಿದ್ದ ತ್ಸೆನಾ ಹೆಡ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಕುಳಿತಳು. ನಮ್ಮ ರಾಜಧಾನಿ ಸೋಫಿಯಾ ಸಿಕ್ಕಿತು, ಮಾಸ್ಕೋ ಸಿಗಲಿಲ್ಲ. ಮಾಸ್ಕೋ ಸಿಕ್ಕಾಗ ಮುಂದಿನ ಲೈನು ಹಿಮಕ್ಕೆ ಬಿದ್ದಿದೆ ಎಂದರು. ಕಾಡಿನ ಶಿಬಿರಕ್ಕೆಲ್ಲ ಒಂದೇ ಫೋನು, ಅದೂ ಕಚೇರಿಯಲ್ಲಿ. ಸಿಕ್ಕರೂ ಮರ ಕಡಿಯುವ ಕಡೆಯಿಂದ ಅವನನ್ನು ಕರೆತರಬೇಕು.

ನಾವು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತೆವು. ಎವ್ಡೋಕಿಯಾ ಒಂದು ತುದಿ, ವೆಲಿಕಾ ಇನ್ನೊಂದು ತುದಿ, ನಡುವೆ ನಾನು. ತ್ಸೆನಾ ಲಿಂಡನ್ ಹೂವಿನ ಚಹಾ ಕೊಟ್ಟಳು. ಎವ್ಡೋಕಿಯಾ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. ಗಂಟೆ ಬಾರಿಸಿದಾಗಲೆಲ್ಲ ಇಬ್ಬರೂ ಏಳುತ್ತಿದ್ದರು. ಒಂದು ಸಲ ಕುರಿ ಆಸ್ಪತ್ರೆಗೆ ಬಂದ ಫೋನು, ಒಂದು ಸಲ ಯಾರದೋ ಮದುವೆ ಮಾತು.

ಕತ್ತಲಾದಾಗ ಕಚೇರಿ ಮುಚ್ಚಿದರು. ಮಾರನೆಯ ದಿನ ಬಾಗಿಲು ತೆರೆಯುವ ಮೊದಲೇ ಮತ್ತೆ ಮೂವರೂ ಹೋದೆವು. ಅಷ್ಟರಲ್ಲಿ ಬೋನಾ ಅಜ್ಜಿ ಗೋಧಿ ನೆನೆಹಾಕಿದ್ದಾಳೆಂದು ಸುದ್ದಿ ಬಂತು. ಸತ್ತವರ ಹೆಸರಲ್ಲಿ ಬೇಯಿಸಿ ಸಕ್ಕರೆ ಹಾಕಿ ಹಂಚುತ್ತೇವಲ್ಲ, ಆ ಗೋಧಿ. ಎವ್ಡೋಕಿಯಾ ಅದನ್ನು ಕೇಳಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ವೆಲಿಕಾ ನನ್ನ ಕಿವಿಯಲ್ಲಿ, “ನೇದಾ, ಬರ್ದ್ರೆ ಆಗುತ್ತೇನೇ?” ಎಂದಳು.

“ಏನಾಗುತ್ತೆ?”

“ಪುಸ್ತಕದಲ್ಲಿ ಎಷ್ಟು ಜನ ಸತ್ರು. ಯಾರಿಗೂ ಏನೂ ಆಗ್ಲಿಲ್ಲ. ಇವನು ಇಲ್ಲಿ ಬಾಗ್ಲಿಗೆ ಬಂದ. ನನ್ ಕೈಯಲ್ಲೇ ಬಂದ.”

ಆಗುವುದಿಲ್ಲ ಎಂದೆ. ನನ್ನ ದನಿಯನ್ನು ನಾನೇ ನಂಬುವ ಹಾಗಿರಲಿಲ್ಲ.

ಮಧ್ಯಾಹ್ನ ಗೋಧಿಯನ್ನು ಬಿಟ್ಟು ಬೋನಾ ಅಜ್ಜಿಯೂ ಬಂದು ಕುಳಿತಳು. ವೆಲಿಕಾಳ ಕಡೆ ತಿರುಗಿಯೂ ನೋಡಲಿಲ್ಲ. ಆಗ ಗಂಟೆ ಬಾರಿಸಿತು. ತ್ಸೆನಾ ಆಲಿಸಿದಳು, ಕೈ ಎತ್ತಿ ಸುಮ್ಮನಿರಿ ಎಂದಳು, ರಷ್ಯನ್ ಮಾತಿನಲ್ಲಿ ಏನೋ ಕೂಗಿದಳು. ಆಮೇಲೆ ರಿಸೀವರನ್ನು ಎವ್ಡೋಕಿಯಾಳ ಕೈಗೆ ಕೊಟ್ಟಳು.

ಲೈನಿನಲ್ಲಿ ಗಾಳಿಯ ಹಾಗೆ ಶಬ್ದ. ಅದರೊಳಗಿಂದ ಒಬ್ಬ ಗಂಡಸು ಕೂಗಿದ. ನಮಗೂ ಕೇಳಿಸಿತು.

“ಯಾರು? ಯಾರು ಸತ್ರು? ಅಮ್ಮ ಹೋದ್ಲಾ?”

ಅಷ್ಟು ದೂರಕ್ಕೆ ಸುಮ್ಮನೆ ಯಾರು ಫೋನು ಮಾಡುತ್ತಾರೆ? ಅವನೂ ಹಿಮದಲ್ಲಿ ಓಡಿ ಬಂದಿದ್ದ. ಎವ್ಡೋಕಿಯಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅತ್ತ ಅವನು ಮಗಳ ಹೆಸರು ಕೂಗತೊಡಗಿದ. ಆಗ ಬೋನಾ ಅಜ್ಜಿ ರಿಸೀವರ್ ಕಿತ್ತುಕೊಂಡಳು.

“ನಾನಿದೀನಿ ಕಣೋ ಮುಂಡೇದೇ! ಮಗೂನೂ ಚೆನ್ನಾಗಿದೆ. ಸತ್ತಿದ್ದು ನೀನು!”

“ನಾನಾ?”

“ನಿನ್ನೆ ಸತ್ತೆ. ವೆಲಿಕಾ ಬಾಗ್ಲಿಗೆ ಹಾಕಿದ್ಲು. ಗೋಧಿ ನೆನೆಹಾಕಿದೀನಿ ನಿನಗೆ!”

ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ತ್ಸೆನಾ ಲೈನು ಕಡಿಯುತ್ತದೆ ಎಂದು ಎರಡು ಸಲ ಎಚ್ಚರಿಸಿದಳು. ತಿಳಿದ ಮೇಲೆ ಅವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಡೆಗೆ, “ಮುಂಗೋಪಿ ಅಂತ ಯಾರೇ ಅವಳು ಬರ್ಯೋಕೆ?” ಎಂದು ಗುಡುಗಿದ. ಎವ್ಡೋಕಿಯಾಳಿಗೆ ನಗು ಬಂತು. ನಗುತ್ತಲೇ ಗೋಡೆಗೆ ಹಣೆ ಕೊಟ್ಟು ಅತ್ತಳು. ನೆನೆದ ಗೋಧಿ ಕೋಳಿಗೆ ಹೋಯಿತು.

ವೆಲಿಕಾ ಮನೆಗೆ ಹೋಗಿ, ಬಾಗಿಲಿನದನ್ನೂ ಸೇರಿಸಿ ಕಪ್ಪಂಚಿನ ಹಾಳೆಗಳನ್ನೆಲ್ಲ ಒಲೆಗೆ ಹಾಕಿದಳು. ಡೊಯ್ಚಿನ್‌ನ ಮನೆಗೆ ಹೋಗಿ ಕ್ಷಮೆ ಕೇಳಿ, ಹೊಸ ಹಾಳೆ ಅಚ್ಚು ಹಾಕಿಸಿ ತಾನೇ ಅಂಟಿಸಿದಳು. ಆಮೇಲೆ ಏನೂ ಬರೆಯಲಿಲ್ಲ. ಓದುತ್ತಿದ್ದಳೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಬ್ರೆಡ್ಡಿಗೆ ಹೋದವರು ಬಾಗಿಲು ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. ಡೈರಿಯಲ್ಲಿ ಅವಳಿಗೆ ಕೆಮ್ಮು ಹಿಡಿದಾಗ ನಾನು ಅವಳು ಕಿತ್ತ ಹಾಳೆಯನ್ನೇ ನೆನೆಯುತ್ತಿದ್ದೆ. ಅವಳೂ ನೆನೆಯುತ್ತಿದ್ದಳು.

ಹಿಮ ಕರಗುವ ಹೊತ್ತಿಗೆ ಎವ್ಡೋಕಿಯಾ ಡೈರಿಗೆ ಬಂದಳು. ಕಂಕುಳಲ್ಲಿ ‘ಉತ್ತರದ ಗರಗಸ’. ಅದಕ್ಕೆ ಮೊದಲು ಅವಳು ಓದುಮನೆಯಿಂದ ಒಂದು ಪುಸ್ತಕವನ್ನೂ ಒಯ್ದವಳಲ್ಲ.

“ಓದಿದೆ,” ಎಂದಳು. “ಚೆನ್ನಾಗಿಲ್ಲ.”

“ಯಾಕೆ?” ಎಂದಳು ವೆಲಿಕಾ.

“ಅವನು ಸಾಯ್ತಾನೆ, ಮುಂದಿನ ಪುಟದಲ್ಲೇ ಹೆಂಡ್ತಿಗೆ ಗೊತ್ತಾಗೋಗುತ್ತೆ. ಕಾಯೋದೇ ಇಲ್ಲ ಅವಳು. ಕಾಯೋದು ಅಂದ್ರೇನು ಅಂತ ಬರ್ದೋನಿಗೆ ಗೊತ್ತೇ ಇಲ್ಲ. ನಿನಗೆ ಅಳು ಬಂತು ಅಂತ ಬೇರೆ ಬರ್ದಿದ್ದೆ, ಅಳೋಕೇನಿದೆ ಅದರಲ್ಲಿ?”

ವೆಲಿಕಾ ಅವಳನ್ನೇ ನೋಡುತ್ತಿದ್ದಳು. “ಇನ್ನೊಂದ್ಸಲ ಹೇಳು, ನಿಧಾನಕ್ಕೆ,” ಎಂದು ಕೈ ಒರೆಸಿಕೊಂಡು ಪೆನ್ಸಿಲ್ ತೆಗೆದಳು. ಮಾರನೆಯ ದಿನ ಬಾಗಿಲ ಮೇಲೆ ಹಾಳೆ ಇತ್ತು. ಮೇಲೆ ಕೆಂಪಕ್ಷರದಲ್ಲಿ ಪುಸ್ತಕದ ಹೆಸರು, ಕೆಳಗೆ ಎವ್ಡೋಕಿಯಾ ಹೇಳಿದ್ದು ಹೇಳಿದ ಹಾಗೆ, ಅವಳದೇ ಹೆಸರಿನಲ್ಲಿ. ಒಲೆ ಪಕ್ಕದ ತಂತಿಯಲ್ಲಿ, ಸುಟ್ಟ ಹಾಳೆ ಇರಬೇಕಾಗಿದ್ದ ಜಾಗಕ್ಕೆ ಆಮೇಲೆ ಚುಚ್ಚಿದ್ದು ಆ ಹಾಳೆಯನ್ನೇ.

ಅಲ್ಲಿಂದಾಚೆಗೆ ವೆಲಿಕಾ ಪುಸ್ತಕದ ಹೆಸರನ್ನು ಯಾವಾಗಲೂ ಮೇಲೆಯೇ ಬರೆದಳು. ಸತ್ತವರಿದ್ದರೆ “ಇದರಲ್ಲಿ ಸಾವಿದೆ, ಪುಸ್ತಕದ್ದು” ಎಂದು ಸೇರಿಸುತ್ತಿದ್ದಳು. ಸ್ಟಾಮೆನ್ ಬೇಸಿಗೆಗೆ ಬಂದ, ಎಂದಿನ ಹಾಗೆ ಊರವರ ಮೇಲೆ ರೇಗಾಡಿಕೊಂಡು ಇದ್ದ. ಹಾಳೆ ಕಿತ್ತ ಕೈಗೆ ಏನೂ ಆಗಲಿಲ್ಲ. ಆದರೂ ಪ್ರತಿ ಚಳಿಗಾಲವೂ ವೆಲಿಕಾ ಎವ್ಡೋಕಿಯಾಳ ಮನೆ ಮುಂದೆ ಹೋಗುವಾಗ ಚಿಮಣಿಯಲ್ಲಿ ಹೊಗೆ ಇದೆಯೇ ಎಂದು ತಲೆ ಎತ್ತಿ ನೋಡುತ್ತಿದ್ದಳು.

ಅವಳು ತೀರಿಕೊಂಡದ್ದು ವಯಸ್ಸಾದ ಮೇಲೆ, ಹಾಸಿಗೆಯಲ್ಲಿ. ಹೇಳಿಕೊಳ್ಳಲು ಹತ್ತಿರದವರಿರಲಿಲ್ಲ. ಅವಳ ಕಪ್ಪಂಚಿನ ಹಾಳೆಯನ್ನು ನಾನೇ ಓದುಮನೆಯ ಬಾಗಿಲಿಗೆ ಅಂಟಿಸಿದೆ. ಮೇಲೆ ಹೆಸರು, ನಡುವೆ ಫೋಟೊ. ಸ್ವಲ್ಪ ದೂರ ಬಂದು ತಿರುಗಿ ನೋಡಿದರೆ ಎವ್ಡೋಕಿಯಾ ಅದರ ಮುಂದೆ ನಿಂತಿದ್ದಳು. ಅತ್ತ ಇತ್ತ ನೋಡಿ, ಅಂಟು ಇನ್ನೂ ಹಸಿಯಿದ್ದ ಹಾಳೆಯ ಕೆಳತುದಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ, ಅಡಿಯಲ್ಲಿ ಪುಸ್ತಕದ ಹೆಸರೇನಾದರೂ ಇದೆಯೇ ಎಂದು ಬಗ್ಗಿ ನೋಡುತ್ತಿದ್ದಳು.