ನಂಜಮ್ಮನ ಏಣಿ

ಇವತ್ತು ಬೆಳಿಗ್ಗೆ ಹಾಲಿಗೆಂದು ಫ್ರಿಜ್ಜಿನ ಬಾಗಿಲು ತೆಗೆದರೆ ವೆನಿಲಾದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಿನ್ನೆ ಆಫೀಸಿನವರು ಡಬ್ಬಿಯಲ್ಲಿಟ್ಟು ಕೊಟ್ಟ ಅರ್ಧ ಕೇಕು. ಬಿಳಿ ಕ್ರೀಮಿನ ಮೇಲೆ ನನ್ನ ಹೆಸರಿನ ಕೊನೆಯ ಎರಡಕ್ಷರ ಮಾತ್ರ ಉಳಿದಿದ್ದವು. ಅರವತ್ತು ತುಂಬಿತೆಂದು ಸರ್ಕಾರ ನನ್ನನ್ನು ನಿನ್ನೆ ಮನೆಗೆ ಕಳಿಸಿತು ನೋಡಿ. ಜೂನ್ ಒಂದಕ್ಕೆ ಹುಟ್ಟಿದವರು ಮೇ ಮೂವತ್ತೊಂದಕ್ಕೇ ನಿವೃತ್ತರಾಗಬೇಕು, ಅದು ನಿಯಮ. ಒಂದೇ ಕೇಕಿನಲ್ಲಿ ಬೀಳ್ಕೊಡುಗೆ, ಹುಟ್ಟುಹಬ್ಬ ಎರಡೂ ಮುಗಿಯಲಿ ಅಂತ ಸೆಕ್ಷನ್ನಿನ ಹುಡುಗರು, "ಸರ್, ಕಲ್ ತೋ ಆಪ್ ಕಾ ಬರ್ತ್‌ಡೇ ಭೀ ಹೈ" ಎಂದು ಮೋಂಬತ್ತಿಯನ್ನೂ ಹಚ್ಚಿದರು. ನಾನು ಹಲ್ಲು ಕಿರಿದುಕೊಂಡು ಊದಿದೆ, ಕತ್ತರಿಸಿದೆ, ಎಲ್ಲರ ಬಾಯಿಗೂ ಒಂದೊಂದು ಚೂರು ಇಟ್ಟೆ.

ವಿಷಯ ಏನೆಂದರೆ, ನಾನು ಜೂನ್ ಒಂದಕ್ಕೆ ಹುಟ್ಟಿದವನೇ ಅಲ್ಲ.

ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಅಜ್ಜ ನನ್ನನ್ನು ಶಾಲೆಗೆ ಕರೆದುಕೊಂಡು ಹೋದಾಗ ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರಂತೆ. ಅಜ್ಜ ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ ನಿಂತುಬಿಟ್ಟನಂತೆ. ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿದರು. ಬೆರಳು ಕಿವಿಗೆ ಎಟುಕಿತು, ವಯಸ್ಸು ಸಾಕೆಂದಾಯಿತು, ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯ ಅರ್ಧ ಜನ ಅವತ್ತೇ ಹುಟ್ಟಿದವರು. ನಿಜವಾಗಿ ನಾನು ಹುಟ್ಟಿದ್ದು ಸಂಕ್ರಾಂತಿ ಆದ ಮೂರನೇ ದಿನ. "ಎಳ್ಳು ಬೀರಿ ಬಂದು ಕಾಲು ಚಾಚಿದ್ದೆ, ನೋವು ಶುರುವಾಯ್ತು" ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮನ ಮಾತು ಅಮ್ಮನ ಹತ್ತಿರವೇ ಉಳಿಯಿತು. ನೌಕರಿ, ಮತದಾರರ ಚೀಟಿ, ಆಧಾರ್, ಕೊನೆಗೆ ಪಿಂಚಣಿಯ ಕಾಗದ, ಎಲ್ಲದರಲ್ಲೂ ಮೇಷ್ಟ್ರ ಮಾತೇ ನಡೆಯಿತು. ಎಲ್ಲಕ್ಕೂ ನಾನು ತುಟಿಪಿಟಕ್ಕೆನ್ನದೆ ಸಹಿ ಹಾಕಿದ್ದೇನೆ. ಒಂದೇ ಒಂದು ಸಲ, ಒಬ್ಬಳ ಎದುರಿಗೆ ಮಾತ್ರ, ಇದು ಸುಳ್ಳು ತಾರೀಖು, ನಾನು ಒಪ್ಪುವುದಿಲ್ಲ ಎಂದು ಸತ್ಯಸಂಧನ ಹಾಗೆ ಹಟ ಹಿಡಿದಿದ್ದೆ. ಆಗ ಅವಳಿಗೆ ಒಂಬತ್ತು ವರ್ಷ.

ಅವಳು ನನ್ನ ಮಗಳು ಚಿನ್ನು. ಈಗ ಗುರುಗ್ರಾಮದ ಯಾವುದೋ ಕಂಪನಿಯಲ್ಲಿ ದೊಡ್ಡ ಕೆಲಸ, ಅಲ್ಲೇ ಮನೆ. ಅವಳ ಕೆಲಸ ಏನೆಂದು ಮೂರು ಸಲ ಕೇಳಿ ಮೂರು ಸಲವೂ ಅರ್ಥವಾದವನ ಹಾಗೆ ತಲೆಯಾಡಿಸಿದ್ದೇನೆ.

ಆಗ ನಾವಿದ್ದದ್ದು ಇಲ್ಲೇ ರಾಜಧಾನಿಯ ಕಿದ್ವಾಯಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅದನ್ನೆಲ್ಲ ಕೆಡವಿ ಈಗ ಗೋಪುರಗಳನ್ನು ಎಬ್ಬಿಸಿದ್ದಾರೆ, ಹುಡುಕಿಕೊಂಡು ಹೋದರೆ ನಮ್ಮ ಬೇವಿನಮರವೂ ಸಿಗುವುದಿಲ್ಲ. ಚಿನ್ನುವಿನ ಶಾಲೆ ಲೋಧಿ ಕಾಲೋನಿಯ ಕಡೆ. ಬೆಳಿಗ್ಗೆ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೊರಟರೆ ಹದಿನೈದು ನಿಮಿಷದ ದಾರಿ. ಸುಮ್ಮನೆ ನಿಂತರೆ ತೂಕಡಿಸುತ್ತಾಳೆ ಎಂಬ ಭಯಕ್ಕೆ ನಾನು ಕಥೆ ಕಟ್ಟಲು ಶುರುಮಾಡಿದ್ದು. ಇನ್ನೊಂದು ದುರಾಸೆಯೂ ಇತ್ತು, ಈ ನೆಪದಲ್ಲಾದರೂ ಅವಳ ಕಿವಿಗೆ ದಿನಕ್ಕೆ ಹದಿನೈದು ನಿಮಿಷ ಕನ್ನಡ ಬೀಳಲಿ ಎಂದು.

ಕಥೆಯ ನಾಯಕಿ ನಂಜಮ್ಮ ಎಂಬ ನೀರಾನೆ. ಮೃಗಾಲಯದ ಕೊಳ ಬೇಸಿಗೆಯಲ್ಲಿ ಬತ್ತಿತೆಂದು ಅವಳು ಒಂದು ನಸುಕಿನಲ್ಲಿ ಗೇಟು ದಾಟಿ, ನಡೆದುಕೊಂಡು ಕಿದ್ವಾಯಿ ನಗರಕ್ಕೆ ಬಂದು, ನಮ್ಮ ತಾರಸಿಯ ಕಪ್ಪು ನೀರಿನ ಟ್ಯಾಂಕಿನಲ್ಲಿ ಸೇರಿಕೊಂಡಿದ್ದಳು. ನಲ್ಲಿಯಲ್ಲಿ ನೀರು ನಿಂತರೆ ನಂಜಮ್ಮ ಸ್ನಾನ ಮಾಡುತ್ತಿದ್ದಾಳೆ ಎಂದರ್ಥ. ನೀರು ಬಿಸಿಯಾಗಿ ಬಂದರೆ ಅವಳಿಗೆ ಜ್ವರ. ಚಿನ್ನು ಮುಖ ಹಿಂದಕ್ಕೆ ತಿರುಗಿಸದೆಯೇ ಪ್ರಶ್ನೆ ಕೇಳುವಳು. "ಅಪ್ಪಾ, ನಂಜಮ್ಮ ಖಾನಾ ಏನು ತಿಂತಾಳೆ?" ನಾನು ಮೊದಲು "ಖಾನಾ ಅಲ್ಲ, ಊಟ" ಎಂದು ತಿದ್ದಿ ಆಮೇಲೆ ಉತ್ತರ ಹೇಳುತ್ತಿದ್ದೆ. ಏನು ಮಾಡಲಿ, ತಪ್ಪು ತಿದ್ದುವುದೇ ನನ್ನ ಕಸುಬು. ಬೇರೆಯವರು ಬರೆದ ಕರಡಿನಲ್ಲಿ ಕೆಂಪು ಗೆರೆ ಎಳೆದೇ ನಾನು ಅನ್ನ ತಿಂದದ್ದು. ಆಫೀಸಿನಲ್ಲಿ ಅದಕ್ಕೆ ನನಗೆ ಒಳ್ಳೆಯ ಹೆಸರಿತ್ತು.

ಆ ವರ್ಷ ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಚಿನ್ನು ಗೇಟಿನ ಮುಂದೆ ಇಳಿದವಳು ಒಳಗೆ ಹೋಗದೆ ನಿಂತಳು. "ಅಪ್ಪಾ, ನಂಜಮ್ಮ ಹತ್ತಿದ್ದೇನೋ ಹತ್ತಿಬಿಟ್ಳು. ಟ್ಯಾಂಕಿಂದ ಇಳಿಯೋದು ಹೇಗೆ? ಅವಳಿಗೆ ಘರ್ ಹೋಗ್ಬೇಕಲ್ಲ?" ನನಗೆ ಆಫೀಸಿಗೆ ತಡವಾಗುತ್ತಿತ್ತು. ಉತ್ತರವೂ ಗೊತ್ತಿರಲಿಲ್ಲ ಅನ್ನಿ. "ಶಾಲೆ ಶುರುವಾದಾಗ ಹೇಳ್ತೀನಿ, ನೀನೂ ಯೋಚನೆ ಮಾಡು" ಎಂದು ಸ್ಕೂಟರ್ ತಿರುಗಿಸಿದೆ.

ಅವಳು ಯೋಚನೆ ಮಾಡಿದಳು.

ಜೂನ್ ಒಂದರ ಸಂಜೆ. ಹೊರಗೆ ಮುಖ ಸುಡುವ ಬಿಸಿಗಾಳಿ. ಒದ್ದೆ ಕರವಸ್ತ್ರ ತಲೆಗೆ ಕಟ್ಟಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ವೆನಿಲಾದ ವಾಸನೆ. ಮೇಲಿನ ಮನೆಯ ಪಂಜಾಬಿ ಆಂಟಿ, ಅವರ ಇಬ್ಬರು ಮಕ್ಕಳು, ನನ್ನ ಹೆಂಡತಿ ಸುಮ, ಎಲ್ಲರೂ ಮೇಜಿನ ಸುತ್ತ ನಿಂತಿದ್ದಾರೆ. ಮೇಜಿನ ಮೇಲೆ ದುಂಡನೆಯ ಕಪ್ಪು ಕೇಕು, ಒಂದು ಪಕ್ಕಕ್ಕೆ ವಾಲಿದೆ. ಅದರ ಮೇಲೆ ಖೋವಾದಲ್ಲಿ ಮಾಡಿದ ಒಂದು ದಪ್ಪ ಪ್ರಾಣಿ, ಅದಕ್ಕೆ ಗೋಡಂಬಿಯ ಕಿವಿ. ಕೇಕಿನ ಪಕ್ಕಕ್ಕೆ ಏನೋ ಕಡ್ಡಿಗಳನ್ನು ದಾರದಿಂದ ಕಟ್ಟಿ ಚುಚ್ಚಿದ್ದಾರೆ. "ಹ್ಯಾಪಿ ಬರ್ತ್‌ಡೇ ಅಪ್ಪಾ!" ಎಂದು ಚಿನ್ನು ಕಿರುಚಿದಳು.

"ಯಾರದ್ದೇ ಬರ್ತ್‌ಡೇ?"

"ನಿಂದೇ! ಇದ್ರಲ್ಲಿ ಬರ್ದಿದೆ ನೋಡು." ಅವಳ ಕೈಯಲ್ಲಿ ನನ್ನ ಹಳೆಯ ಗುರುತಿನ ಚೀಟಿಯಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಆಂಟಿಗೆ ಅರ್ಥವಾಗಲೆಂದು ಅಜ್ಜ, ಮೇಷ್ಟ್ರು, ಎಡಕಿವಿ, ಅಷ್ಟನ್ನೂ ಹಿಂದಿಯಲ್ಲಿ ಅಭಿನಯ ಸಮೇತ ಹೇಳಿದೆ. ಕೈಯನ್ನು ತಲೆಯ ಮೇಲಿಂದ ಹಾಯಿಸಿ ತೋರಿಸಿದೆ. ಆಂಟಿಯ ಮಕ್ಕಳು ಬಿದ್ದು ಬಿದ್ದು ನಕ್ಕರು. ಜನ ನಗುತ್ತಿದ್ದರೆ ನನಗೆ ಕೊಂಬು ಬರುತ್ತದೆ, ಇನ್ನಷ್ಟು ಹೇಳಿದೆ.

"ತೋ ಫಿರ್ ಅಸ್ಲಿ ಯಾವತ್ತು?" ಎಂದಳು ಚಿನ್ನು.

"ಸಂಕ್ರಾಂತಿ ಆದ ಮೂರನೇ ದಿನ."

"ಅಂದ್ರೆ ಇದು ಝೂಠಾ ಬರ್ತ್‌ಡೇ?"

"ಹೂಂ ಮತ್ತೆ. ಶುದ್ಧ ಸುಳ್ಳು."

ಮೋಂಬತ್ತಿ ಊದುವುದಕ್ಕೂ ನಾನು ಒಪ್ಪಲಿಲ್ಲ, ಸುಳ್ಳು ಹುಟ್ಟುಹಬ್ಬಕ್ಕೆ ಊದುವುದೆಂಥದು ಎಂದು ಆಂಟಿಯ ಮಗನ ಕೈಲಿ ಊದಿಸಿದೆ. ಆಮೇಲೆ ಕಡ್ಡಿಗಳ ಕಡೆ ಕಣ್ಣು ಹೋಯಿತು. ಉರಿದುಹೋದ ಊದುಬತ್ತಿಯ ಕಡ್ಡಿಗಳು. "ತಿನ್ನೋ ಪದಾರ್ಥಕ್ಕೆ ಯಾರಾದ್ರೂ ಕಡ್ಡಿ ಚುಚ್ತಾರಾ? ಗಂಟಲಿಗೆ ಸಿಕ್ಕಿಕೊಂಡ್ರೆ?" ಎಂದು ಎಳೆದು ತಟ್ಟೆಯ ಪಕ್ಕಕ್ಕೆ ಹಾಕಿದೆ. "ತೊಳೆದಿದ್ದೆ ಅಪ್ಪಾ" ಎಂದಳು ಸಣ್ಣ ದನಿಯಲ್ಲಿ. ಕೇಕು ತಿಂದೆ, ತಿನ್ನಲಿಲ್ಲ ಎನ್ನಲಾರೆ. ಎರಡು ತುಂಡು ತಿಂದೆ. "ಪರವಾಗಿಲ್ಲ, ಒಂದು ಕಡೆ ಸ್ವಲ್ಪ ಸೀದಿದೆ" ಎಂದೂ ಹೇಳಿದೆ. ಚಿನ್ನು ಕಡ್ಡಿಗಳನ್ನು ಒಂದೊಂದಾಗಿ ಆರಿಸಿಕೊಂಡು ಅಡುಗೆಮನೆಗೆ ಹೋದಳು. ಸುಮ ನನ್ನನ್ನು ಒಂದು ಸಲ ನೋಡಿದಳು.

ಮರುದಿನ ಮೆಟ್ಟಿಲಲ್ಲಿ ಸಿಕ್ಕ ಆಂಟಿ ಹೇಳಿದರು: ಚಿನ್ನು ಮಧ್ಯಾಹ್ನವೆಲ್ಲ ಅವರ ದುಂಡು ಓವನ್ನಿನ ಮುಂದೆ ಬೆವರು ಸುರಿಸುತ್ತ ಕೂತಿದ್ದಳಂತೆ. "ಹಮಾರೇ ಪಾಪಾ ಅಂಡಾ ನಹೀಂ ಖಾತೇ" ಎಂದು ಹಟ ಹಿಡಿದು ಮೊಟ್ಟೆಯಿಲ್ಲದೆ ಮಾಡಿಸಿದ್ದಳಂತೆ. ಎರಡು ಸಲ ಕರೆಂಟು ಹೋಗಿ ಕೇಕು ವಾಲಿದಾಗ ಆಂಟಿ ಇನ್ನೊಂದು ಮಾಡೋಣವೆಂದರೆ, ಬೇಡ, ನಮ್ಮ ಟ್ಯಾಂಕೂ ವಾಲಿದೆ ಎಂದಳಂತೆ. ನಾನು "ಅಚ್ಛಾ, ಅಚ್ಛಾ" ಎಂದು ನಕ್ಕು ಸ್ಕೂಟರಿನ ಕಡೆ ಓಡಿದೆ. ಆಫೀಸಿನಲ್ಲಿ ಝೂಠಾ ಬರ್ತ್‌ಡೇಯ ಕಥೆಯನ್ನು ಊಟದ ಹೊತ್ತಿಗೆ ಇನ್ನೊಮ್ಮೆ ಹೇಳಿದೆ.

ಜುಲೈಯಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಸ್ಕೂಟರ್ ಹೊರಟ ಕೂಡಲೇ, "ಎಲ್ಲಿಗೆ ನಿಲ್ಲಿಸಿದ್ವಿ? ಹಾಂ, ನಂಜಮ್ಮ ಇಳಿಯೋದು ಹೇಗೆ..." ಎಂದು ಶುರುಮಾಡಿದೆ.

"ಅಪ್ಪಾ, ಟ್ಯಾಂಕಲ್ಲಿ ನೀರಾನೆ ಹಿಡಿಸಲ್ಲ" ಎಂದಳು ಚಿನ್ನು, ಎದುರಿನ ರಸ್ತೆ ನೋಡುತ್ತ. "ಅದೆಲ್ಲ ಝೂಠ್."

ನನಗೆ ಆಗ ಏನನ್ನಿಸಿತು ಗೊತ್ತೇ? ಹೆಮ್ಮೆ. ಹುಡುಗಿ ಬುದ್ಧಿವಂತೆಯಾದಳು, ಇನ್ನು ಗಣಿತ ಹೇಳಿಕೊಡಬಹುದು ಎಂದುಕೊಂಡೆ. ಮರುದಿನದಿಂದ ದಾರಿಯಲ್ಲಿ ಮಗ್ಗಿ ಶುರುವಾಯಿತು. ಅವಳು ಹಿಂದಿಯಲ್ಲಿ ಹೇಳುತ್ತಿದ್ದಳು, ನಾನು ತಿದ್ದುತ್ತಿದ್ದೆ.

ಅಂದಿನಿಂದ ಇವತ್ತಿನವರೆಗೆ ಅವಳು ನನ್ನ ಹುಟ್ಟುಹಬ್ಬವನ್ನು ಒಂದು ಸಲವೂ ತಪ್ಪಿಸಿಲ್ಲ. ಸಂಕ್ರಾಂತಿ ಹದಿನಾಲ್ಕಕ್ಕೋ ಹದಿನೈದಕ್ಕೋ ಎಂದು ಸುಮಳ ಹತ್ತಿರ ಕೇಳಿಕೊಂಡು, ಸರಿಯಾಗಿ ಮೂರನೇ ದಿನ ಫೋನು ಮಾಡುತ್ತಾಳೆ. ಅಂಗಡಿಯಿಂದ ಒಳ್ಳೆಯ ಸಿಹಿ ಕಳಿಸುತ್ತಾಳೆ. ನನ್ನ ಮುಂದೆ ಏನು ಹೇಳುವುದಿದ್ದರೂ ಮೊದಲು ಖಾತ್ರಿ ಮಾಡಿಕೊಂಡೇ ಹೇಳುತ್ತಾಳೆ. ಎಂಥ ಶಿಸ್ತಿನ ಮಗಳು ಎಂದು ನಾನು ಎಲ್ಲರ ಹತ್ತಿರ ಕೊಚ್ಚಿಕೊಂಡಿದ್ದೇನೆ. ನಿನ್ನೆ ಆಫೀಸಿನವರ ಮೋಂಬತ್ತಿಯನ್ನು ಅಷ್ಟು ಸಲೀಸಾಗಿ ಊದಿದ ಬಾಯಿ ಇದು, ಮಗಳ ಮೋಂಬತ್ತಿಗೆ ಒಲ್ಲೆ ಎಂದದ್ದೂ ಇದೇ ಎಂದು ಇವತ್ತು ಫ್ರಿಜ್ಜಿನ ಮುಂದೆ ಹೊಳೆಯಿತು. ಹಾಲಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಸುಮ ಬಂದು "ರೀ, ಬಾಗಿಲು ಹಾಕ್ರೀ, ತಣ್ಣಗಿದ್ದದ್ದೆಲ್ಲ ಬಿಸಿಯಾಗತ್ತೆ" ಎನ್ನುವವರೆಗೆ.

"ಇವತ್ತು ನಾನೊಂದು ಕೇಕ್ ಮಾಡ್ತೀನಿ" ಎಂದೆ.

ಸುಮ ನನ್ನ ಹಣೆ ಮುಟ್ಟಿ ನೋಡಿದಳು. ನಿವೃತ್ತಿಯಾದ ಮೊದಲ ದಿನವೇ ಹೀಗಾದರೆ ಮುಂದೆ ಹೇಗೆ ಎಂಬ ಚಿಂತೆ ಅವಳಿಗೆ. ಆದರೂ ಕುಕ್ಕರಿನ ತಳಕ್ಕೆ ಉಪ್ಪು ಹರಡಬೇಕು, ಮುಚ್ಚಳದ ರಬ್ಬರು, ವಿಷಲ್ ಎರಡನ್ನೂ ತೆಗೆದಿಡಬೇಕು ಎಂದು ಅವಳೇ ಹೇಳಿಕೊಟ್ಟಳು. ಮೈದಾ, ಮೊಸರು, ಸಕ್ಕರೆ, ಕೋಕೋ ಪುಡಿ. ಖೋವಾ ತರಲು ಬಿಸಿಲಿನಲ್ಲಿ ಮಾರ್ಕೆಟ್ಟಿಗೆ ನಾನೇ ಹೋದೆ. ಮೊದಲನೆಯದು ಒಳಗೆ ಹಸಿಯಾಗಿ ಉಳಿಯಿತು. ಎರಡನೆಯದು ನಡುವೆ ಉಬ್ಬಿ ಬಿರುಕು ಬಿಟ್ಟಿತು, ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಆ ಮಾತು ಹಿಂದೆ ಎಲ್ಲಿ ಆಡಿದ್ದೆನೆಂದು ನೆನಪಾಗಿ ಖೋವಾ ನಾದಲು ಕೂತೆ. ಖೋವಾದ ನಂಜಮ್ಮ ನನ್ನ ಕೈಯಲ್ಲಿ ಇಲಿಯ ಹಾಗೆ ಬಂದಳು. ಮೂರನೇ ಸಲಕ್ಕೆ ಹೊಟ್ಟೆ ಬಂತು. ಕಿವಿಗೆ ಗೋಡಂಬಿ ಇಟ್ಟೆ.

ಫೋಟೋ ತೆಗೆದು ಚಿನ್ನುವಿಗೆ ಕಳಿಸಿ ಕೆಳಗೆ ಬರೆದೆ: 'ಇವತ್ತು ನನ್ನ ಹುಟ್ಟುಹಬ್ಬ. ಸಂಜೆ ಬಾ.'

ಹತ್ತು ನಿಮಿಷಕ್ಕೆ ಫೋನು ಬಂತು. "ಅಪ್ಪಾ, ಹುಷಾರಾಗಿದ್ದೀಯಾ? ನಿನ್ನ ಬರ್ತ್‌ಡೇ ಇವತ್ತಲ್ಲ. ಸಂಕ್ರಾಂತಿ ಆದ ಮೂರನೇ ದಿನ."

"ಇವತ್ತೂ ಹೌದು. ನೀನು ಕೇಕ್ ಮಾಡಿದ ದಿನ" ಎಂದೆ. ಮುಂದಿನ ಮಾತನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲಿ ನಾಲ್ಕು ಸಲ ತಿದ್ದಿ ಇಟ್ಟುಕೊಂಡಿದ್ದೆ, ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. "ಆವತ್ತು ನಾನು ನಗಬಾರದಿತ್ತು ಚಿನ್ನು. ತಪ್ಪಾಯ್ತು."

ಆ ಕಡೆ ಯಾರೋ ಅವಳನ್ನು ಮೀಟಿಂಗಿಗೆ ಕರೆಯುತ್ತಿದ್ದರು. ಅವಳು ಅವರಿಗೆ ಏನೋ ಹೇಳಿದಳು, ಬಾಗಿಲು ಮುಚ್ಚಿದ ಸದ್ದಾಯಿತು.

"ಏಣಿ ಎಲ್ಲಿ?" ಎಂದಳು.

"ಯಾವ ಏಣಿ?"

"ಕಡ್ಡಿದು. ಫೋಟೋದಲ್ಲಿ ಕಾಣ್ತಿಲ್ಲ. ಅದಿಲ್ದೆ ಅವಳು ಇಳಿಯೋದು ಹೇಗೆ ಅಪ್ಪಾ? ನೀನೇ ಹೇಳಿದ್ದೆ, ಯೋಚನೆ ಮಾಡು ಅಂತ."

ಉದ್ದದ ಕಡ್ಡಿಗಳು, ನಡುನಡುವೆ ದಾರದಿಂದ ಅಡ್ಡಕಟ್ಟಿದ ಕಡ್ಡಿಗಳು. ಇಪ್ಪತ್ತು ವರ್ಷ ನಾನು ಅದನ್ನು ಬರೀ ಕಡ್ಡಿ ಎಂದೇ ನೆನಪಿಟ್ಟುಕೊಂಡಿದ್ದೆ. ನನಗೆ ಗೊತ್ತಿಲ್ಲದ ಉತ್ತರವನ್ನು ಅವಳು ಕಟ್ಟಿ ತಂದು ನನ್ನ ಮುಂದಿಟ್ಟಿದ್ದಳು, ನಾನು ಕಿತ್ತು ತಟ್ಟೆಯ ಪಕ್ಕಕ್ಕೆ ಹಾಕಿದ್ದೆ. "ಸಂಜೆ ಬರ್ತೀಯಾ?" ಎಂದಷ್ಟೇ ಕೇಳಿದೆ.

"ಇವತ್ತು ಆಗಲ್ಲ ಅಪ್ಪಾ. ಶನಿವಾರ ನೋಡ್ತೀನಿ." ಆಮೇಲೆ, ಇಡುವ ಮೊದಲು, "ಹ್ಯಾಪಿ ಬರ್ತ್‌ಡೇ" ಎಂದಳು.

ನೋಡ್ತೀನಿ ಎಂದರೆ ಬರುತ್ತಾಳೆ ಎಂದಲ್ಲ, ಅಷ್ಟು ನನಗೂ ಗೊತ್ತು. ದೇವರ ಗೂಡಿನ ಮುಂದೆ ಕೂತು, ಉರಿದು ಉಳಿದಿದ್ದ ಊದುಬತ್ತಿ ಕಡ್ಡಿಗಳನ್ನು ಹೆಕ್ಕಿದೆ. ತೊಳೆದೆ. ಹೂ ಕಟ್ಟುವ ದಾರ ಕೊಡು ಎಂದರೆ ಸುಮ ಏಕೆಂದು ಕೇಳದೆ ತಂದುಕೊಟ್ಟಳು. ಎರಡು ಉದ್ದ ಕಡ್ಡಿ, ಐದು ಅಡ್ಡ ಕಡ್ಡಿ. ಫೈಲಿಗೆ ಅಷ್ಟು ವರ್ಷ ದಾರ ಕಟ್ಟಿದ ಕೈಗೆ ಇದು ಬರಲಿಲ್ಲ, ಮೂರು ಸಲ ಬಿಚ್ಚಿಕೊಂಡಿತು. ಒಂಬತ್ತು ವರ್ಷದ ಬೆರಳುಗಳು ಇದನ್ನು ಹೇಗೆ ಕಟ್ಟಿದ್ದವೋ. ಕೊನೆಗೆ ನಿಂತಿತು. ನಂಜಮ್ಮನ ಪಕ್ಕಕ್ಕೆ ಚುಚ್ಚಿದೆ.

ಕೇಕನ್ನು ಕತ್ತರಿಸಲಿಲ್ಲ. ಶನಿವಾರದವರೆಗೆ ಇರಲಿ ಎಂದು ಫ್ರಿಜ್ಜಿನಲ್ಲಿಡಲು ಹೋದರೆ ಏಣಿ ಮೇಲಿನ ಅಂತಸ್ತಿಗೆ ತಗಲುತ್ತಿತ್ತು. ಆಫೀಸಿನ ಕೇಕನ್ನು ಹೊರಗೆ ತೆಗೆದೆ, ಆ ಅಂತಸ್ತನ್ನೂ ಕಳಚಿ ಪಕ್ಕಕ್ಕಿಟ್ಟು, ನಂಜಮ್ಮನನ್ನು ಏಣಿಯ ಸಮೇತ ಒಳಗಿಟ್ಟು ಬಾಗಿಲು ಹಾಕಿದೆ.