ಹಾಡದೇ ಇದ್ದ ಎರಡು ಬಾಯಿ

ಗಂಗಮ್ಮ, ಅವತ್ತು ನಿನ್ನ ಬಾಯಲ್ಲಿ ಶೇಂಗಾ ಇರಲಿಲ್ಲ. ನನ್ನ ಬಾಯಲ್ಲಿತ್ತು.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ — ಗಂಡನಿಗಿಲ್ಲ, ದೇವರ ಮುಂದೆ ನಿಂತಾಗಲೂ ಇಲ್ಲ. ಈಗ ಕುರುಗೋಡಿನ ತವರುಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಎಪ್ಪತ್ತರ ಇಸವಿಯ ಆಸುಪಾಸಿನ ಮಾತು. ಬಳ್ಳಾರಿಯ ಆ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ ನಾವೆಲ್ಲ ಸಾಲಾಗಿ ಕುಳಿತು ಶೇಂಗಾ ಕಾಳಿನಿಂದ ಹುಳುಕು, ಕಲ್ಲು ಆರಿಸುತ್ತಿದ್ದೆವು. ಹಸಿದ ಹೊಟ್ಟೆ, ಕೈತುಂಬ ಕಾಳು — ಒಂದೆರಡು ಬಾಯಿಗೆ ಹೋಗದೇ ಇರುತ್ತವೆಯೇ? ಸಾವ್ಕಾರರಿಗೆ ಹಗಲಿರುಳೂ ಅದೇ ಚಿಂತೆ. ಗೇಟಿನಲ್ಲಿ ನಮ್ಮ ಸೆರಗು ಕೊಡವಿಸಿದರು. ತಮ್ಮ ಕೋಣೆಯ ಗೋಡೆ ಒಡೆಸಿ ಶೆಡ್ಡಿಗೆ ಕಿಟಕಿ ಇಡಿಸಿದರು. ನಾವು ಬೆನ್ನು ತಿರುಗಿಸಿ ಕುಳಿತೆವು. ಮರುದಿನವೇ ಎಲ್ಲರೂ ಕಿಟಕಿಗೆ ಮುಖ ಮಾಡಿ ಕೂರಬೇಕೆಂದು ಹುಕುಂ ಬಂತು. ಆದರೂ ಕಾಳು ಹೋಗುತ್ತಲೇ ಇತ್ತು.

ಆಗ ಜಾಣೆಯಾದವಳು ನಾನು. "ಎಲ್ಲಾರೂ ಹಾಡ್ಕೋತ ಕೆಲ್ಸ ಮಾಡ್ಲಿರಿ ಸಾವ್ಕಾರ್ರ. ಹಾಡೋ ಬಾಯಿ ತಿನ್ನಾಕ ಆಗಂಗಿಲ್ಲ" ಎಂದೆ. ಯಾರ ದನಿ ನಿಂತರೂ ಅವಳಿಗೆ ನೀರು ಕೊಟ್ಟು, ಬಾಯಿ ಮುಕ್ಕಳಿಸಿ ಬೋಗುಣಿಗೆ ಉಗುಳಲು ಹೇಳುವುದು. ಬಿಳಿ ಚೂರು ಕಂಡರೆ ಅವತ್ತೇ ಮನೆಗೆ. ಸಾವ್ಕಾರರು ಹಿಗ್ಗಿಹೋದರು. ಕಿಟಕಿಯಲ್ಲಿ ಕಣ್ಣಿಟ್ಟು ಕೂರುವ ಕೆಲಸ ತಪ್ಪಿತು, ಕಿವಿ ಕೊಟ್ಟರೆ ಸಾಕು. ನನ್ನನ್ನು ಮೇಸ್ತ್ರಿ ಮಾಡಿದರು.

ಮೇಸ್ತ್ರಿ ಹಾಡಬೇಕಿಲ್ಲ. ಸಾಲುಗಳ ನಡುವೆ ಓಡಾಡುತ್ತ, ಕಾಳು ಪರೀಕ್ಷಿಸುವ ನೆಪದಲ್ಲಿ, ನಾನು ಬಾಯಿಗೆ ಹಾಕಿಕೊಳ್ಳತೊಡಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ — ಆ ಬೇಲಿ ನಾನೇ. ನಾಚಿಕೆಯೂ ಆಗಲಿಲ್ಲ. ಅದು ನನ್ನ ಹಕ್ಕು ಅನ್ನಿಸಿತ್ತು.

ನೀನು ಕೊಳಗಲ್ಲಿನಿಂದ ನಡೆದು ಬರುತ್ತಿದ್ದವಳು. ನಿನ್ನನ್ನು ಕೆಲಸಕ್ಕೆ ಸೇರಿಸಿದ್ದೂ ನಾನೇ, ನೀನು ಅಕ್ಕಾ ಎಂದು ಕರೆಯುತ್ತಿದ್ದದ್ದೂ ನನ್ನನ್ನೇ. ನೀನು ಹಾಡು ಎತ್ತಿಕೊಟ್ಟರೆ ಶೆಡ್ಡೆಲ್ಲ ಹಾಡುತ್ತಿತ್ತು. ಆ ತಿಂಗಳು ನಿನ್ನ ಕೂಸು ಜ್ವರದಲ್ಲಿ ತೀರಿಹೋಯಿತು. ಮಣ್ಣು ಮಾಡುವಾಗ ನಿನ್ನನ್ನು ತಬ್ಬಿ ಹಿಡಿದುಕೊಂಡಿದ್ದೆ ನಾನು...

ಅವತ್ತು ಬೆಳಿಗ್ಗೆ, ಕಾಳಿನ ತೂಕ ಕಮ್ಮಿ ಬಂದಿದೆಯೆಂದು ಸಾವ್ಕಾರರು ಕೂಗಾಡಿದ್ದರು. ಮಧ್ಯಾಹ್ನ ಯಾರೋ ಮೈಮರೆತು ಜೋಗುಳ ಎತ್ತಿದರು. ಎಲ್ಲರೂ ದನಿಗೂಡಿಸಿದರು. ನೀನು — ನೀನು ಹೇಗೆ ಹಾಡುತ್ತೀ? ತುಟಿ ಬಿಗಿದುಕೊಂಡು ಕಾಳು ನೋಡುತ್ತ ಕುಳಿತೆ.

"ಗಂಗಿ ದನಿ ಯಾಕ ನಿಂತೈತಿ? ನೋಡು ಆಕಿನ್ನ!" ಕಿಟಕಿಯಿಂದ ಸಾವ್ಕಾರರು ಕೂಗಿದರು.

ಯಾಕೆಂದು ನನಗೆ ಗೊತ್ತಿತ್ತು. ಆಕಿ ಕೂಸು ಹೋಗೈತ್ರಿ, ಬಿಡ್ರಿ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲು ಬಾಯಿ ತೆರೆಯಬೇಕಲ್ಲ! ನನ್ನ ದವಡೆಯಲ್ಲಿ ಶೇಂಗಾ. ಹೇಗೋ ನುಂಗಿಕೊಂಡು ಬೋಗುಣಿ ಹಿಡಿದೆ. ನೀನು ಮುಕ್ಕಳಿಸಿ ಉಗುಳಿದೆ. ತಿಳಿ ನೀರು, ಒಂದು ಚೂರೂ ಇಲ್ಲ. ಆ ಶೆಡ್ಡಿನಲ್ಲಿ ಹಾಡದೇ ಇದ್ದ ಬಾಯಿ ಎರಡೇ, ಗಂಗಮ್ಮ. ನಿನ್ನದರಲ್ಲಿ ಏನೂ ಇಲ್ಲವೆಂದರೆ, ಮುಂದೆ ನೋಡುವುದು...

"ಐತೇನು?"

"ಐತ್ರಿ" ಎಂದೆ. ನೀರನ್ನು ಮೋರಿಗೆ ಚೆಲ್ಲಿಬಿಟ್ಟೆ.

"ಅಕ್ಕಾ, ನೀನ ನೋಡಿದಿಯಲ್ಲ..." ಅಂದೆ ನೀನು. ಅಷ್ಟೇ. ಬುತ್ತಿ ಗಂಟು ಎತ್ತಿಕೊಂಡು ಹೊರಟುಹೋದೆ.

ಮಿಲ್ಲುಗಳ ಮೇಸ್ತ್ರಿಗಳೆಲ್ಲ ಒಂದೇ ಹೋಟೆಲಿನಲ್ಲಿ ಚಾ ಕುಡಿಯುವವರು. ಮಾತು ಹರಡಲು ಎಷ್ಟು ಹೊತ್ತು? ಬಳ್ಳಾರಿಯಲ್ಲಿ ನಿನಗೆ ಯಾರೂ ಕೆಲಸ ಕೊಡಲಿಲ್ಲ. "ಕೂಸು ಸತ್ತ ತಿಂಗಳದಾಗ ಆಕಿಗೆ ಕದ್ದು ತಿನ್ನಾಕ ಮನಸ್ಸಾರ ಹೆಂಗ ಬಂತವ್ವ" ಎಂದು ಹೆಂಗಸರು ಆಡಿಕೊಂಡರು. ಅವರ ನಡುವೆ ನಾನೂ ಇದ್ದೆ, ಸುಮ್ಮನಿದ್ದೆ. ನಿನ್ನ ಗಂಡನೂ ನಂಬಿದನಂತೆ. ನೀನು ಸಿರುಗುಪ್ಪದ ಕಡೆ, ಕರೂರಿಗೆ, ನಾಟಿ ಕೂಲಿಗೆ ಹೋದೆ ಎಂದು ಆಮೇಲೆ ಕೇಳಿದೆ.

ಮೊನ್ನೆ ನಾನು ಕರೂರಿಗೆ ಬಂದದ್ದು ಹೇಳಿಬಿಡಲೆಂದೇ. ಗದ್ದೆಯಲ್ಲಿ ಹೆಂಗಸರೆಲ್ಲ ಹಾಡುತ್ತ ಸಸಿ ನಾಟುತ್ತಿದ್ದರು. ಒಬ್ಬಳು ಮಾತ್ರ ಹಾಡುತ್ತಿರಲಿಲ್ಲ. ಅದು ಗಂಗಮ್ಮನೇ, ಯಾಕೆ ಹಾಡುತ್ತಿಲ್ಲ ಎಂದು ಬದುವಿನ ಮೇಲಿದ್ದ ಮುದುಕಿಯನ್ನು ಕೇಳಿದೆ.

"ಶೇಂಗಾ ಗಂಗಿ ಏನ್ರಿ? ಆಕಿ ಹಾಡಿದ್ದು ನಾ ಒಂದಿನಾನೂ ಕೇಳಿಲ್ರಿ."

ಶೇಂಗಾ ಗಂಗಿ! ಬಳ್ಳಾರಿಯ ಹೆಂಗಸರಿಟ್ಟ ಆ ಹೆಸರು ಅಲ್ಲಿಗೂ ನಿನ್ನ ಬೆನ್ನು ಹತ್ತಿ ಬಂದಿತ್ತು. ಅಷ್ಟರಲ್ಲಿ ನೀನು ತಲೆಯೆತ್ತಿ ನನ್ನ ಗುರುತು ಹಿಡಿದೆ. ಬೈಯುತ್ತೀ ಅಂದುಕೊಂಡೆ — ಬೈದಿದ್ದರೆ! ನೀನು ಬಾಯಿ ಅಗಲವಾಗಿ ತೆರೆದು ನನಗೆ ತೋರಿಸಿದೆ. ಖಾಲಿ ಬಾಯಿ. ನನ್ನಿಂದ ನಿಲ್ಲಲಾಗಲಿಲ್ಲ, ಏನೂ ಹೇಳದೆ ಓಡಿಬಂದು ಬಸ್ಸು ಹತ್ತಿದೆ.

ಬಡತನ, ಸಾವ್ಕಾರರ ಭಯ — ಹೇಳಹೊರಟರೆ ಎಲ್ಲ ಇವೆ, ಯಾವುದನ್ನೂ ಹೇಳಲಾರೆ. ನಿನ್ನನ್ನು ಎಲ್ಲರ ಎದುರು ಕಳ್ಳಿ ಮಾಡಿದೆ. ಈಗ ನಿನ್ನ ಕಿವಿಯಲ್ಲಿ ಉಸುರಿದರೆ ಸಾಲದು. ನಾಟಿ ಮುಗಿಯುವುದರೊಳಗೆ ಮತ್ತೆ ಬರುತ್ತೇನೆ. ಆ ಹೆಂಗಸರು ಹಾಡು ನಿಲ್ಲಿಸಿ ಕೇಳುವಂತೆ, ಬದುವಿನ ಮೇಲೆ ನಿಂತು, ಕಳ್ಳಿ ಯಾರೆಂದು ಕೂಗಿ ಹೇಳುತ್ತೇನೆ. ಕೆಸರು ಎರಚು, ಮುಖಕ್ಕೆ ಉಗುಳು. ಕ್ಷಮಿಸು ಎಂದು ಕೇಳುವುದಿಲ್ಲ. ನಾನು ಹೇಳಿ ಮುಗಿಸುವವರೆಗೆ ಗದ್ದೆ ಬಿಟ್ಟು ಎದ್ದು ಹೋಗಬೇಡ ಗಂಗಮ್ಮ, ಅಷ್ಟು ಮಾಡು.